ಡೆಸ್ಕ್‌ಟಾಪ್ ಕ್ಯಾಬಿನೆಟ್ ಒಳಗಿನ ಕೇಬಲ್ ನೀಟಾಗಿ ಎಳೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೇಲೇ ಕಂಪ್ಯೂಟರ್ ಜೋಡಿಸೋರು ಪ್ರೊಸೆಸರ್ ಬಗ್ಗೆ, ಗ್ರಾಫಿಕ್ಸ್ ಕಾರ್ಡ್ ಬಗ್ಗೆ ತಿಂಗಳುಗಟ್ಟಲೆ ಓದ್ಕೊಂಡಿರ್ತಾರೆ. ಕೇಬಲ್ ವಿಷಯ ನೆನಪಾಗೋದು ಎಲ್ಲಾ ಜೋಡಿಸಿ ಆದ್ಮೇಲೆ, ಬಾಗಿಲು ಮುಚ್ಚಕ್ಕೆ ಬರ್ದೇ ಇದ್ದಾಗ. ಆಗ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಚೆಂದ ಕಾಣೋದು ಆಮೇಲಿನ ಮಾತು, ಯಾವ ಕನೆಕ್ಟರ್ ಮೇಲೂ ಎಳೆತ ಬೀಳ್ಬಾರ್ದು ಮತ್ತೆ ಇನ್ನೊಂದು ಸಲ ಬಿಚ್ಚಿದಾಗ ಯಾವ ವೈರ್ ಎಲ್ಲಿಗೆ ಹೋಗಿದೆ ಅಂತ ಗೊತ್ತಾಗ್ಬೇಕು, ಇವೆರಡು ಆಯ್ತು ಅಂದ್ರೆ ಮುಕ್ಕಾಲು ಕೆಲಸ ಮುಗೀತು.

## ಶುರು ಮಾಡೋಕೆ ಮುಂಚೆ

ವೈರ್ ಎಲ್ಲಾ ಹಂಗೇ ಒಳಗೆ ತುರುಕಿದೀನಿ, ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ. ಮತ್ಯಾಕೆ ತಲೆ ಕೆಡಿಸ್ಕೋಬೇಕು?

ಓಡತ್ತೆ, ನಿಜ. ತೊಂದರೆ ಶುರುವಾಗೋದು ಆಮೇಲೆ. ಇನ್ನೊಂದು ರ‍್ಯಾಮ್ ಹಾಕೋಣ ಅಂತ ಬಾಗಿಲು ತೆಗೆದ್ರೆ ಮಧ್ಯದಲ್ಲಿ ವೈರ್ ಗುಡ್ಡೆ, ಅದನ್ನ ಪಕ್ಕಕ್ಕೆ ತಳ್ಳೋವಾಗ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಒಂಚೂರು ಸಡಿಲ ಆಗತ್ತೆ, ಮತ್ತೆ ಆನ್ ಮಾಡಿದಾಗ ಡಿಸ್ಕೇ ಕಾಣಲ್ಲ, ಡಿಸ್ಕ್ ಹೋಯ್ತು ಅಂತ ಗಾಬರಿ ಬಿದ್ದು ಅರ್ಧ ದಿನ ಕಳೀತೀರ.

ನಂಗಾಗಿದ್ದು ಒಂದು ಹೇಳ್ತೀನಿ. ಕಂಪ್ಯೂಟರ್ ಆನ್ ಮಾಡಿ ಐದು ನಿಮಿಷ ಸುಮ್ನಿರೋದು, ಆಮೇಲೆ ಟಿಕ್ ಟಿಕ್ ಟಿಕ್ ಅಂತ ಸದ್ದು. ಗೇಮ್ ಹಾಕಿದ್ರೆ ಸದ್ದು ಜೋರು, ಬಿಟ್ರೆ ನಿಧಾನ. ಹಾರ್ಡ್ ಡಿಸ್ಕ್ ಅಂತಾನೇ ಅಂದ್ಕೊಂಡಿದ್ದೆ. ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದ್ರೆ ಗ್ರಾಫಿಕ್ಸ್ ಕಾರ್ಡ್ ಕೆಳಗೆ ಮುಂದಿನ ಪ್ಯಾನೆಲ್ಲಿನ ಒಂದು ತೆಳ್ಳನೆ ವೈರ್ ಜೋತುಬಿದ್ದು ಫ್ಯಾನ್ ರೆಕ್ಕೆಗೆ ತಾಗ್ತಿತ್ತು. ಕಪ್ಪು ವೈರಿನ ಮೇಲೆ ಉಗುರಲ್ಲಿ ಕೆರೆದ ಹಾಗೆ ಬಿಳೀ ಗೆರೆ ಬಿದ್ದಿತ್ತು, ಇನ್ನೊಂದಷ್ಟು ತಿಂಗಳು ಬಿಟ್ಟಿದ್ರೆ ಒಳಗಿನ ತಾಮ್ರ ಹೊರಗೆ ಬರ್ತಿತ್ತು. ಆವತ್ತಿಂದ ನಾನು ಈ ಕೆಲಸನ ಶೋಕಿ ಅಂತ ಕರೆಯಲ್ಲ.

ಕೇಬಲ್ ನೀಟ್ ಮಾಡಿದ್ರೆ ಟೆಂಪರೇಚರ್ ಎಷ್ಟು ಇಳಿಯತ್ತೆ?

ಬಹಳ ಜನಕ್ಕೆ ಬೇಜಾರಾಗೋ ಉತ್ತರ, ಆದ್ರೂ ಹೇಳ್ಲೇಬೇಕು: ಇವತ್ತಿನ ಕ್ಯಾಬಿನೆಟ್ಟಲ್ಲಿ ದೊಡ್ಡ ವ್ಯತ್ಯಾಸ ಏನೂ ಆಗಲ್ಲ. ಈ ಮಾತು ಹುಟ್ಟಿದ್ದು ಐಡಿಇ ಕೇಬಲ್ ಕಾಲದಲ್ಲಿ. ಆಗ ಹಾರ್ಡ್ ಡಿಸ್ಕಿಗೆ, ಸಿಡಿ ಡ್ರೈವಿಗೆ ಅಂಗೈಯಗಲದ ರಿಬ್ಬನ್ ಕೇಬಲ್ ಬರ್ತಿತ್ತು, 40 ಪಿನ್ನಿನ ಕನೆಕ್ಟರು, ಆಮೇಲಾಮೇಲೆ ಅದ್ರಲ್ಲೇ 80 ತಂತಿ, ಪರದೆ ಕಟ್ಟಿದ ಹಾಗೆ ಗಾಳಿಗೆ ಅಡ್ಡ ನಿಲ್ತಿತ್ತು. 2003ರಲ್ಲಿ ಸಾಟಾ ಬಂದ್ಮೇಲೆ ಆ ಪರದೆ ಹೋಯ್ತು, ಈಗ ಬೋರ್ಡಿಗೇ ನೇರ ಚುಚ್ಚೋ ಎಂ.2 ಡ್ರೈವ್ ಬಂದು ಸಾಟಾ ಕೇಬಲ್ಲೂ ಬಹಳ ಕಡೆ ಬೇಡವಾಗಿದೆ. ಆದ್ರೆ ಮುಂದಿನ ಫ್ಯಾನ್ ಎದುರಿಗೇ ದಪ್ಪ ಗಂಟು ಕೂತಿದ್ರೆ, ಅಥವಾ ಚಿಕ್ಕ ಕ್ಯಾಬಿನೆಟ್ಟಲ್ಲಿ ಗ್ರಾಫಿಕ್ಸ್ ಕಾರ್ಡ್ ಗಾಳಿ ಎಳ್ಕೊಳ್ಳೋ ಕಡೆಗೇ ವೈರ್ ಒತ್ಕೊಂಡಿದ್ರೆ ಬಿಸಿ ಹೆಚ್ಚಾಗೋದು ಖಂಡಿತ, ಅದನ್ನ ಮೊದಲು ಸರಿ ಮಾಡಿ. ಧೂಳು ಒರೆಸೋದೂ ಸುಲಭ ಆಗತ್ತೆ, ಬಿಸಿ ವಿಷಯದಲ್ಲಿ ಧೂಳಿನದೇ ಹೆಚ್ಚಿನ ಪಾಲು.

ಏನೇನು ಸಾಮಾನು ಇಟ್ಕೋಬೇಕು?

ಜಾಸ್ತಿ ಏನಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, ಒಂದು ಟಾರ್ಚ್, ವೆಲ್ಕ್ರೋ ಪಟ್ಟಿ ಒಂದು ಸುರುಳಿ, ಸ್ವಲ್ಪ ಕೇಬಲ್ ಟೈ, ಟೈ ಬಾಲ ಕತ್ತರಿಸಕ್ಕೆ ಚಪ್ಪಟೆ ಬಾಯಿಯ ಕಟರ್. ಕ್ಯಾಬಿನೆಟ್ ಜೊತೆ ಒಂದು ಪುಟ್ಟ ಪ್ಯಾಕೆಟ್ಟಲ್ಲಿ ಟೈ ಬಂದಿರತ್ತೆ, ಎಸ್‌ಎಂಪಿಎಸ್ (ಒಳಗಿನ ಎಲ್ಲದಕ್ಕೂ ಕರೆಂಟ್ ಕೊಡೋ ಪವರ್ ಸಪ್ಲೈ) ಬಂದ ಡಬ್ಬದಲ್ಲೂ ಕೆಲವೊಮ್ಮೆ ವೆಲ್ಕ್ರೋ ಇರತ್ತೆ, ಡಬ್ಬ ಎಸೆಯೋ ಮುಂಚೆ ತಡಕಾಡಿ. ಮೊಬೈಲೂ ಬೇಕು, ಬಿಚ್ಚೋಕೆ ಮುಂಚೆ ಹೇಗಿತ್ತು ಅಂತ ನಾಲ್ಕು ಫೋಟೋ ತೆಗೆದಿಟ್ಕೊಂಡ್ರೆ ಆಮೇಲೆ ಅದೇ ನಿಮ್ಮ ನಕ್ಷೆ.

ಒಳಗೆ ಕೈ ಹಾಕೋಕೆ ಭಯ. ಶಾಕ್ ಹೊಡೆಯಲ್ವಾ?

ಗೋಡೆ ಪ್ಲಗ್ಗಿಂದ ಪವರ್ ಕೇಬಲ್ ಕಿತ್ತು ಪಕ್ಕಕ್ಕಿಡಿ, ಆಮೇಲೆ ಕ್ಯಾಬಿನೆಟ್ಟಿನ ಪವರ್ ಬಟನ್ ಒಂದೆರಡು ಸಲ ಒತ್ತಿ, ಉಳಿದಿರೋ ಕರೆಂಟು ಖಾಲಿ ಆಗತ್ತೆ. ಇಷ್ಟಾದ್ಮೇಲೆ ಮದರ್‌ಬೋರ್ಡ್ ಕಡೆ ನಿಮಗೆ ಅಪಾಯ ಇಲ್ಲ. ಎಸ್‌ಎಂಪಿಎಸ್ಸಿನ ಲೋಹದ ಪೆಟ್ಟಿಗೆ ಮಾತ್ರ ಯಾವ ಕಾರಣಕ್ಕೂ ಬಿಚ್ಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಲ್ಲಿ ಅಪಾಯ ಆಗೋಷ್ಟು ವೋಲ್ಟೇಜ್ ನಿಂತಿರತ್ತೆ. ಇನ್ನು ನಿಮ್ಮ ಮೈಯಿಂದ ಬೋರ್ಡಿಗೆ ಹೊಡೆಯೋ ಸ್ಟ್ಯಾಟಿಕ್, ಅದಕ್ಕೆ ಆಗಾಗ ಕ್ಯಾಬಿನೆಟ್ಟಿನ ಬಣ್ಣ ಇಲ್ದಿರೋ ಲೋಹ ಮುಟ್ತಾ ಇರಿ, ಉಣ್ಣೆ ಸ್ವೆಟರ್ ಹಾಕ್ಕೊಂಡು ಕಾರ್ಪೆಟ್ ಮೇಲೆ ಕೂತು ಈ ಕೆಲಸ ಬೇಡ. ಗಾಜಿನ ಬಾಗಿಲಿದ್ರೆ ತೆಗೆದು ದಪ್ಪ ಬಟ್ಟೆ ಮೇಲೆ ಮಲಗಿಸಿ. ಟೈಲ್ಸ್ ನೆಲದ ಮೇಲೆ ಅಂಚು ಊರಿ ನಿಲ್ಲಿಸಿದ್ರೆ ಟೆಂಪರ್ಡ್ ಗಾಜು ಒಂದೇ ಏಟಿಗೆ ಪುಡಿ ಪುಡಿ.

## ಯಾವ ವೈರ್ ಯಾವುದು

ಎಸ್‌ಎಂಪಿಎಸ್ಸಿಂದ ಇಷ್ಟೊಂದು ಕೇಬಲ್ ಬರತ್ತಲ್ಲ, ಎಲ್ಲಾನೂ ಹಾಕ್ಲೇಬೇಕಾ?

ಇಲ್ಲ. ಬೇಕಾಗೋದು ಇಷ್ಟು: ಮದರ್‌ಬೋರ್ಡಿಗೆ 24 ಪಿನ್ನಿನ ದಪ್ಪ ಕೇಬಲ್, ಪ್ರೊಸೆಸರಿಗೆ 8 ಪಿನ್, ಗ್ರಾಫಿಕ್ಸ್ ಕಾರ್ಡಿಗೆ ಅದು ಕೇಳಿದಷ್ಟು, ಸಾಟಾ ಡ್ರೈವ್ ಇದ್ರೆ 15 ಪಿನ್ನಿನ ಚಪ್ಪಟೆ ಸಾಟಾ ಪವರ್. ಹಳೇ 4 ಪಿನ್ ಮೋಲೆಕ್ಸ್ ಈಗ ಬೇಕಾಗೋದೇ ಅಪರೂಪ. ಮಾಡ್ಯುಲರ್ ಎಸ್‌ಎಂಪಿಎಸ್ (ಕೇಬಲ್ ಬೇರೆಯಾಗಿ ಚುಚ್ಚಿ ಕೀಳೋ ಥರದ್ದು) ಆಗಿದ್ರೆ ಬೇಡದ ಕೇಬಲ್ ಹಾಕ್ಲೇಬೇಡಿ, ಆದ್ರೆ ಎಸೀಬೇಡಿ, ಒಂದು ಚೀಲದಲ್ಲಿ ಹಾಕಿ ಮೇಲೆ ಎಸ್‌ಎಂಪಿಎಸ್ ಮಾಡೆಲ್ ಹೆಸರು ಬರೆದಿಡಿ. ಯಾಕೆ ಅಂತ ಕೊನೇ ಭಾಗದಲ್ಲಿ ಬರತ್ತೆ.

ಪ್ರೊಸೆಸರ್ 8 ಪಿನ್ನೂ ಗ್ರಾಫಿಕ್ಸ್ ಕಾರ್ಡ್ 8 ಪಿನ್ನೂ ನೋಡಕ್ಕೆ ಒಂದೇ ಥರ ಇದೆ, ಅದಲುಬದಲು ಆದ್ರೆ?

ನೋಡಕ್ಕೆ ಅಷ್ಟೇ. ಒಂದರಲ್ಲಿ 12 ವೋಲ್ಟ್ ಬರೋ ಸಾಲಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರತ್ತೆ, ಬಲವಂತವಾಗಿ ತುರುಕಿದ್ರೆ ನೇರ ಶಾರ್ಟ್. ಹಾಗಾಗ್ಬಾರ್ದು ಅಂತಾನೇ ಪಿನ್ನಿನ ಸುತ್ತ ಪ್ಲಾಸ್ಟಿಕ್ ಚೌಕ ಕೆಲವು ಕಡೆ ಮೂಲೆ ಸವರಿ, ಕೆಲವು ಕಡೆ ಪೂರ್ತಿ ಚೌಕ ಮಾಡಿರ್ತಾರೆ. ಗುರುತು ಹಿಡಿಯೋದು ಸುಲಭ, ಪ್ರೊಸೆಸರದ್ದು ನಾಲ್ಕು ನಾಲ್ಕಾಗಿ ಎರಡು ಹೋಳಾಗತ್ತೆ, ಗ್ರಾಫಿಕ್ಸ್ ಕಾರ್ಡಿಂದು ಆರು ಮತ್ತೆ ಎರಡಾಗಿ. ಕನೆಕ್ಟರ್ ಮೇಲೆ ಸಣ್ಣಕ್ಷರದಲ್ಲಿ ಹೆಸರೂ ಬರೆದಿರತ್ತೆ. ಸಲೀಸಾಗಿ ಕೂರ್ತಿಲ್ಲ ಅಂದ್ರೆ ಒತ್ತಡ ಹೆಚ್ಚು ಮಾಡೋ ಮುಂಚೆ ಒಂದು ಸಲ ಓದಿ.

ಮುಂದಿನ ಬಟನ್ನಿಂದ ಬರೋ ಪುಟ್ಟ ಪುಟ್ಟ ವೈರ್ ತಲೆ ತಿಂತಿದೆ, ಎಲ್ಲಿ ಚುಚ್ಚೋದು?

ಎಲ್ಲರಿಗೂ ತಲೆನೋವು ಕೊಡೋದು ಇದೇ. ಮದರ್‌ಬೋರ್ಡಿನ ಕೆಳಗಿನ ಬಲ ಮೂಲೇಲಿ ಎರಡು ಸಾಲಾಗಿ 9 ಪಿನ್ ಇರತ್ತೆ, ಹತ್ತನೇದು ಬೇಕಂತಲೇ ಬಿಟ್ಟಿರ್ತಾರೆ. ಹೆಚ್ಚಿನ ಬೋರ್ಡಲ್ಲಿ ಮೇಲಿನ ಸಾಲು ಮೊದಲೆರಡು ಪವರ್ ಲೈಟು, ಆಮೇಲೆರಡು ಪವರ್ ಬಟನ್. ಕೆಳಗಿನ ಸಾಲು ಮೊದಲೆರಡು ಹಾರ್ಡ್ ಡಿಸ್ಕ್ ಲೈಟು, ಆಮೇಲೆರಡು ರೀಸೆಟ್. ಆದ್ರೂ ನಿಮ್ಮ ಬೋರ್ಡಿನ ಪುಸ್ತಕ ನೋಡೇ ಹಾಕಿ. ಬಟನ್ನಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದ್ರೂ ನಡೆಯತ್ತೆ, ಲೈಟಿಗೆ ಮಾತ್ರ ಇದೆ, ತಿರುಗಿಸಿ ಹಾಕಿದ್ರೆ ಉರಿಯಲ್ಲ ಅಷ್ಟೇ, ಸುಡೋದೇನಿಲ್ಲ.

ನಾನು ಮಾಡೋದು ಏನಂದ್ರೆ, ಆ ನಾಲ್ಕೈದು ತಲೆಗಳನ್ನ ಕ್ರಮವಾಗಿ ಹೊರಗೇ ಕೈಯಲ್ಲಿ ಜೋಡಿಸಿ, ಸುತ್ತ ಒಂದು ಸಣ್ಣ ಟೇಪ್ ಸುತ್ತಿ ಒಂದೇ ಬ್ಲಾಕ್ ಮಾಡಿ, ಆಮೇಲೆ ಎಲ್ಲಾ ಒಟ್ಟಿಗೆ ಚುಚ್ತೀನಿ. ಮುಂದೆ ಬೋರ್ಡ್ ತೆಗೆಯೋವಾಗಲೂ ಒಟ್ಟಿಗೇ ಕಿತ್ಕೊಂಡು ಬರತ್ತೆ.

ಅದೇ ಸಾಲಲ್ಲಿ ಯುಎಸ್‌ಬಿ 2.0 ಮತ್ತೆ ಆಡಿಯೋ ಕನೆಕ್ಟರೂ ಇರತ್ತೆ, ಎರಡಕ್ಕೂ 9 ಪಿನ್ನೇ, ಆದ್ರೆ ಖಾಲಿ ಬಿಟ್ಟಿರೋ ಜಾಗ ಬೇರೆ ಬೇರೆ, ಹಾಗಾಗಿ ಒಂದರಲ್ಲಿ ಇನ್ನೊಂದು ಕೂರಲ್ಲ. ಯುಎಸ್‌ಬಿ 3.0ದ ದಪ್ಪ 19 ಪಿನ್ ಕನೆಕ್ಟರ್ ವಿಷಯದಲ್ಲಿ ಬಹಳ ಹುಷಾರು, ಅದರ ಕೇಬಲ್ ಗಡುಸು, ಪಿನ್ ಮೆದು. ಕೀಳೋವಾಗ ಪಕ್ಕಕ್ಕೆ ಅಲ್ಲಾಡಿಸಿ ಕಿತ್ರೆ ಬೋರ್ಡಿನ ಪಿನ್ ಬಗ್ಗತ್ತೆ, ಕೆಲವು ಸಲ ಸುತ್ತಲಿನ ಪ್ಲಾಸ್ಟಿಕ್ಕೇ ಎದ್ದು ಬರತ್ತೆ. ನೇರ ಹಿಡಿದು ನೇರ ಎಳೀಬೇಕು.

## ಎಳೆಯೋ ಕೆಲಸ

ಮೊದಲು ಯಾವ ಕೇಬಲ್ ಎಳೀಬೇಕು? ಕ್ರಮ ಅಂತ ಏನಾದ್ರೂ ಇದ್ಯಾ?

ಇದೆ, ಮತ್ತೆ ಇದೊಂದು ಸರಿ ಮಾಡಿದ್ರೆ ಅರ್ಧ ಗೋಜಲು ಹುಟ್ಟೋದೇ ಇಲ್ಲ. ಮೊದಲನೇದು ಪ್ರೊಸೆಸರಿನ 8 ಪಿನ್. ಅದರ ಸಾಕೆಟ್ ಬೋರ್ಡಿನ ಮೇಲಿನ ಎಡ ಮೂಲೇಲಿ, ಅದಕ್ಕೆ ಬರೋ ತೂತು ಕ್ಯಾಬಿನೆಟ್ಟಿನ ಮೇಲಿನ ಅಂಚಿಗೆ ಒತ್ಕೊಂಡಿರತ್ತೆ. ಬೋರ್ಡ್ ಕೂರಿಸಿ, ಕೂಲರ್ ಹಾಕಿ, ಮೇಲೆ ಫ್ಯಾನ್ ಬಿಗಿದ ಮೇಲೆ ಅಲ್ಲಿಗೆ ಎರಡು ಬೆರಳೂ ಹೋಗಲ್ಲ. ಅದಕ್ಕೇ ಬೋರ್ಡ್ ಒಳಗಿಡೋ ಮುಂಚೆನೇ ಆ ಕೇಬಲ್ಲನ್ನ ಬೋರ್ಡ್ ಬಿಗಿಯೋ ಲೋಹದ ತಟ್ಟೆಯ ಹಿಂದಿನಿಂದ ತಂದು ತೂತಲ್ಲಿ ಇಣುಕಿಸಿ ಬಿಟ್ಟಿರಿ.

ಆಮೇಲೆ ಬೋರ್ಡ್ ಕೂರಿಸಿ. ಈಗ ಮುಂದಿನ ಪ್ಯಾನೆಲ್ ವೈರು, ಆಡಿಯೋ, ಯುಎಸ್‌ಬಿ, ಫ್ಯಾನ್ ವೈರು, ಅಂದ್ರೆ ತೆಳ್ಳಗಿರೋದೆಲ್ಲಾ ಮೊದಲು. ಆಡಿಯೋ ಕನೆಕ್ಟರ್ ಸಾಮಾನ್ಯವಾಗಿ ಬೋರ್ಡಿನ ಕೆಳಗಿನ ಎಡ ತುದೀಲಿ ಇರತ್ತೆ, ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಮರೆ ಆಗತ್ತೆ, ಅದಕ್ಕೇ ಕಾರ್ಡಿಗಿಂತ ಮುಂಚೆ. ನಂತರ 24 ಪಿನ್. ಗ್ರಾಫಿಕ್ಸ್ ಕಾರ್ಡು, ಅದರ ಪವರ್ ಕೇಬಲ್ಲು ಎಲ್ಲಕ್ಕಿಂತ ಕೊನೆಗೆ.

ಯಾವ ಕೇಬಲ್ಲೇ ಆಗ್ಲಿ, ಅದು ಮುಟ್ಬೇಕಾದ ಸಾಕೆಟ್ಟಿಗೆ ಹತ್ರದ ತೂತಿಂದಾನೇ ಹೊರಗೆ ಬರ್ಬೇಕು, ಬೋರ್ಡ್ ಮೇಲೆ ಅಡ್ಡ ಹಾದು ಹೋಗ್ಬಾರ್ದು. ಹೆಚ್ಚಾದ ಉದ್ದ ಎಲ್ಲಾ ಹಿಂದೆನೇ ಇರ್ಲಿ.

ಇನ್ನೊಂದು, ಎಲ್ಲಾ ಚುಚ್ಚಿ ಆದ್ಮೇಲೆ ಟೈ ಕಟ್ಟೋಕೆ ಮುಂಚೆ ಒಂದು ಸಲ ಆನ್ ಮಾಡಿ ನೋಡಿ. ಎಲ್ಲಾ ಫ್ಯಾನ್ ತಿರುಗ್ತಿದ್ಯಾ, ಡ್ರೈವ್ ಎಲ್ಲಾ ಕಾಣ್ತಿದ್ಯಾ, ಮುಂದಿನ ಯುಎಸ್‌ಬಿ ಕೆಲಸ ಮಾಡ್ತಿದ್ಯಾ. ಇಪ್ಪತ್ತು ಟೈ ಕಟ್ಟಿ ಆದ್ಮೇಲೆ ಒಂದು ವೈರ್ ಮರೆತಿದ್ದು ಗೊತ್ತಾದ್ರೆ ಇಪ್ಪತ್ತೂ ಕತ್ತರಿಸ್ಬೇಕಾಗತ್ತೆ.

ಹಿಂದಿನ ಬಾಗಿಲು ಮುಚ್ತಾನೇ ಇಲ್ಲ, ಹೊಟ್ಟೆ ಉಬ್ಬಿದ ಹಾಗೆ ಉಬ್ಬಿದೆ. ಏನ್ ಮಾಡ್ಲಿ?

ಒತ್ತಿ ಮುಚ್ಚಬೇಡಿ, ಅದು ಮೊದಲನೇದು. ಒತ್ತಿದಾಗ ಆ ಭಾರ ಎಲ್ಲಾ ಹೋಗಿ ಬೀಳೋದು ಯಾವುದೋ ಒಂದು ಕನೆಕ್ಟರ್ ಮೇಲೆ, ಅದ್ರಲ್ಲೂ ಹಿಂದೆ ಸಾಟಾ ಡ್ರೈವ್ ಬಿಗಿದಿದ್ರೆ ಅದರ ಪ್ಲಾಸ್ಟಿಕ್ ನಾಲಿಗೆ ಮುರಿಯೋಕೆ ಅಷ್ಟು ಒತ್ತಡ ಸಾಕು.

ಬೋರ್ಡಿನ ತಟ್ಟೆಗೂ ಹಿಂದಿನ ಬಾಗಿಲಿಗೂ ನಡುವೆ ಸಾಮಾನ್ಯವಾಗಿ 15ರಿಂದ 30 ಮಿಲಿಮೀಟರ್ ಜಾಗ ಇರತ್ತೆ. ಉಬ್ಬು ಬರೋದು ವೈರ್ ಜಾಸ್ತಿ ಆಗಿ ಅಲ್ಲ, ದಪ್ಪದ ಮೇಲೆ ದಪ್ಪ ಹಾದು ಹೋಗಿರೋದ್ರಿಂದ. ಟಾರ್ಚ್ ಬಿಟ್ಟು ನೋಡಿ, ಎಲ್ಲೋ ಒಂದು ಕಡೆ 24 ಪಿನ್ ಕೇಬಲ್ ಮೇಲೆ ಗ್ರಾಫಿಕ್ಸ್ ಕೇಬಲ್ಲು, ಅದರ ಮೇಲೆ ಯುಎಸ್‌ಬಿ 3.0 ಕೇಬಲ್ ಹಾದಿರತ್ತೆ. ಅವನ್ನ ಅಕ್ಕಪಕ್ಕ ಮಲಗಿಸಿ. ದಪ್ಪ ಕೇಬಲ್ಲಿಗೆ ಒಂದೊಂದಕ್ಕೆ ಒಂದೊಂದು ದಾರಿ, ತೆಳ್ಳನೆ ವೈರುಗಳನ್ನ ಅದರ ಮೇಲಿಂದ ದಾಟಿಸ್ಬಹುದು.

ಮತ್ತೆ ಈ 24 ಪಿನ್ ಕೇಬಲ್ಲನ್ನ ಬಗ್ಗಿಸೋದು ಒಂದು ಕೈಗೆಲಸ. ಬರೋವಾಗ ಅದು ಹಗ್ಗದ ಥರ ಉಂಡೆಯಾಗಿರತ್ತೆ. ಕನೆಕ್ಟರ್ ಹತ್ರ ಎಡಗೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು, ಬಲಗೈ ಬೆರಳಲ್ಲಿ ಒಂದೊಂದೇ ತಂತಿ ಬಿಡಿಸ್ತಾ ಹೋಗಿ, ಜಡೆ ಹೆಣೆಯೋ ಮುಂಚೆ ಸಿಕ್ಕು ಬಿಡಿಸ್ತೀವಲ್ಲ ಹಾಗೆ. ಒಳಗಿರೋ ತಂತಿ ಮೇಲಕ್ಕೆ ಬಂದಿದ್ರೆ ಪಕ್ಕಕ್ಕೆ ಸರಿಸಿ, ಎರಡು ಪದರ ಚಪ್ಪಟೆ ಆಗೋವರೆಗೂ. ಆಮೇಲೆ ಹೆಬ್ಬೆರಳಲ್ಲಿ ಉದ್ದಕ್ಕೂ ಸವರ್ಕೊಂಡು ಬಂದು ತಿರುವು ಬೇಕಾದ ಕಡೆ ನಿಧಾನಕ್ಕೆ ಮಡಿಸಿ ಒಂದು ನಿಮಿಷ ಹಾಗೇ ಹಿಡ್ಕೊಂಡಿರಿ. ಕೈ ಬಿಟ್ಟಾಗ ಸ್ವಲ್ಪ ಹಿಂದಕ್ಕೆ ಬಂದ್ರೂ ಬಾಗಿದ ನೆನಪು ಉಳ್ಕೊಂಡಿರತ್ತೆ. ನಾನು ಪ್ರತಿ ಸಲ ಈ ಒಂದು ಕೇಬಲ್ಲಿಗೇ ಹತ್ತು ನಿಮಿಷ ಕೊಡ್ತೀನಿ, ಬಾಗಿಲು ಮುಚ್ಚತ್ತೋ ಇಲ್ವೋ ಅನ್ನೋದು ಹೆಚ್ಚಾಗಿ ಇಲ್ಲೇ ನಿರ್ಧಾರ ಆಗತ್ತೆ.

ಇಷ್ಟಾದ್ರೂ ಮುಚ್ತಿಲ್ಲ ಅಂದ್ರೆ ಕ್ಯಾಬಿನೆಟ್ ಅಡ್ಡ ಮಲಗಿಸಿ, ಹಿಂಬದಿ ಮೇಲೆ ಬರೋ ಹಾಗೆ. ನಿಂತಿದ್ದಾಗ ಜಾರೋ ವೈರುಗಳು ಮಲಗಿಸಿದಾಗ ತಮ್ಮ ಜಾಗದಲ್ಲಿ ಕೂತಿರತ್ತೆ, ಬಾಗಿಲು ಸಲೀಸಾಗಿ ಇಳಿಯತ್ತೆ.

ಕೇಬಲ್ ಟೈ ಒಳ್ಳೇದಾ ವೆಲ್ಕ್ರೋ ಒಳ್ಳೇದಾ?

ವೆಲ್ಕ್ರೋ, ಎರಡು ಮಾತಿಲ್ಲ. ಬಿಚ್ಚಿ ಮತ್ತೆ ಕಟ್ಬಹುದು, ವೈರ್ ಸೊಂಟ ಹಿಸುಕಲ್ಲ. ಇನ್ನು ಯಾವತ್ತೂ ಮುಟ್ಟಲ್ಲ ಅನ್ನೋ ಕಡೆ ಮಾತ್ರ ಟೈ ಹಾಕಿ, ಉದಾಹರಣೆಗೆ ಮುಂದಿನ ಪ್ಯಾನೆಲ್ ವೈರಿನ ಗೊಂಚಲು. ಬಿಗಿ ಎಷ್ಟು ಅಂದ್ರೆ, ಕಟ್ಟಿದ ಮೇಲೆ ಒಂದು ವೈರ್ ಹಿಡಿದು ಎಳೆದ್ರೆ ಒಳಗೆ ಜಾರ್ಬೇಕು. ಟೈ ಬಾಲ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ರೆ ಉಳಿಯೋ ಚೂಪು ಬ್ಲೇಡ್ ಇದ್ದ ಹಾಗೆ, ಆರು ತಿಂಗಳು ಬಿಟ್ಟು ಕೈ ಹಾಕಿದಾಗ ಬೆರಳು ಸೀಳತ್ತೆ. ತಲೆಗೆ ಸಮನಾಗಿ ಚಪ್ಪಟೆ ಕಟರಲ್ಲೇ ಕತ್ತರಿಸಿ. ಬಿಚ್ಚೋಕೆ ಟೈ ಕತ್ತರಿಸೋವಾಗಂತೂ ವೈರ್ ಜೊತೆ ಕತ್ತರಿಸ್ಬಿಡೋದು ಬಹಳ ಸುಲಭ, ತಲೆ ಇರೋ ಕಡೆಗೇ ಕಟರ್ ಇಟ್ಟು ಕತ್ತರಿಸಿ.

ರಬ್ಬರ್ ಬ್ಯಾಂಡ್ ಹಾಕ್ಬಹುದಾ ಅಂತಾನೂ ಕೇಳ್ತಾರೆ. ಬೇಡ, ಬಿಸಿಗೆ ಒಣಗಿ ತುಂಡಾಗಿ ಅಂಟ್ಕೊಳ್ಳತ್ತೆ.

ನಂದು ಮಾಡ್ಯುಲರ್ ಎಸ್‌ಎಂಪಿಎಸ್ ಅಲ್ಲ, ಬೇಡದ ಕೇಬಲ್ಲೂ ಅದರ ಜೊತೆಗೇ ಇದೆ. ಕತ್ತರಿಸ್ಲಾ?

ಕತ್ತರಿಸ್ಬೇಡಿ, ವಾರಂಟಿ ಹೋಗತ್ತೆ, ಬೆತ್ತಲೆ ತುದಿ ಲೋಹಕ್ಕೆ ತಾಗಿದ್ರೆ ಶಾರ್ಟ್. ಕೆಳಗೆ ಎಸ್‌ಎಂಪಿಎಸ್ ಮುಚ್ಚೋ ಗೂಡು ಇದ್ರೆ ಬೇಡದ್ದನ್ನೆಲ್ಲಾ ಹಾವು ಮಡಿಕೆ ಹಾಕಿದ ಹಾಗೆ ಉದ್ದುದ್ದ ಮಡಿಸಿ, ಒಂದು ವೆಲ್ಕ್ರೋ ಸುತ್ತಿ ಅಲ್ಲಿಡಿ, ಉಂಗುರ ಥರ ಸುತ್ತಿದ್ರೆ ಜಾಸ್ತಿ ಜಾಗ ತಿನ್ನತ್ತೆ. ಎಸ್‌ಎಂಪಿಎಸ್ ಬಿಸಿಗಾಳಿ ಬಿಡೋ ಕಡೆ ಮತ್ತೆ ಅದರ ಫ್ಯಾನಿಗೆ ಅಡ್ಡ ಬರ್ಬಾರ್ದು.

ಹಳೇ ಕ್ಯಾಬಿನೆಟ್, ಹಿಂದೆ ಜಾಗ ಇಲ್ಲ, ತೂತೂ ಇಲ್ಲ. ಏನೂ ಮಾಡಕ್ಕಾಗಲ್ವಾ?

ಆಗತ್ತೆ. ಹಿಂದೆ ಬಚ್ಚಿಡೋಕೆ ಆಗ್ದಿದ್ರೆ ಅಂಚಿಗೆ ಒತ್ತಿಡಿ. ಕ್ಯಾಬಿನೆಟ್ಟಿನ ಮುಂಭಾಗದ ಕಂಬ, ಡ್ರೈವ್ ಗೂಡಿನ ಪಕ್ಕ, ಕೆಳಗಿನ ಅಂಚು, ಇವುಗಳ ಉದ್ದಕ್ಕೂ ಕಟ್ಕೊಂಡು ಹೋಗಿ. ಖಾಲಿ ಡಿವಿಡಿ ಡ್ರೈವ್ ಗೂಡು ಇದ್ರೆ ಹೆಚ್ಚಾದ ಕೇಬಲ್ ಇಡೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಅಂಟಿಸೋ ಕ್ಲಿಪ್ ಸಿಗತ್ತೆ, ಜಾಗನ ಸ್ಪಿರಿಟಲ್ಲಿ ಒರೆಸಿ ಅಂಟಿಸಿ. ಹಳೇ ಕ್ಯಾಬಿನೆಟ್ ತಗಡಿನ ಅಂಚು ಚೂಪಿರತ್ತೆ, ವೈರ್ ಅಲ್ಲಿ ಉಜ್ಜೋ ಹಾಗಿದ್ರೆ ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿ.

ಆರು ಫ್ಯಾನ್ ಹಾಕಿದೀನಿ, ಬೋರ್ಡಲ್ಲಿ ಮೂರೇ ಜಾಗ ಇದೆ.

ಒಂದೇ ಜಾಗಕ್ಕೆ ಹಲವು ಫ್ಯಾನ್ ಸೇರಿಸೋ ಸ್ಪ್ಲಿಟರ್ ಅಥವಾ ಹಬ್ ಹಾಕಿ. ಬೋರ್ಡಿನ ಒಂದು ಫ್ಯಾನ್ ಹೆಡರ್ (ಫ್ಯಾನ್ ವೈರ್ ಚುಚ್ಚೋ ಜಾಗ) ಸಾಮಾನ್ಯವಾಗಿ 1 ಆಂಪಿಯರ್ ಕೊಡತ್ತೆ, ಅಂದ್ರೆ 12 ವ್ಯಾಟ್. ಫ್ಯಾನ್ ಹಿಂಬದಿಯ ಚೀಟಿ ಮೇಲೆ ಅದೆಷ್ಟು ಎಳೆಯತ್ತೆ ಅಂತ ಬರೆದಿರತ್ತೆ, ಕೂಡಿಸಿ ನೋಡಿ. ಮೂರು ಸಾಧಾರಣ ಫ್ಯಾನ್ ಒಂದರಲ್ಲೇ ಆರಾಮಾಗಿ ಓಡತ್ತೆ. ಅದಕ್ಕಿಂತ ಹೆಚ್ಚಾದ್ರೆ ಸಾಟಾ ಪವರ್ ತಗೊಳ್ಳೋ ಹಬ್ ಹಾಕಿ, ಅದನ್ನ ತಟ್ಟೆ ಹಿಂದೆ ಅಂಟಿಸಿದ್ರೆ ಎಲ್ಲಾ ಫ್ಯಾನ್ ವೈರ್ ಅಲ್ಲೇ ಸೇರತ್ತೆ, ಬೋರ್ಡಿಗೆ ಬರೋದು ಒಂದೇ ವೈರ್. ಸ್ಪ್ಲಿಟರಲ್ಲಿ ಒಂದೇ ಫ್ಯಾನಿನ ವೇಗ ಬೋರ್ಡಿಗೆ ಗೊತ್ತಾಗತ್ತೆ, ಉಳಿದದ್ದು ನಿಂತ್ರೂ ತಿಳಿಯಲ್ಲ, ಅದಕ್ಕೇ ಪ್ರೊಸೆಸರ್ ಕೂಲರ್ ಫ್ಯಾನ್ ಯಾವಾಗ್ಲೂ ಅದರದ್ದೇ ಹೆಡರಿಗೆ ನೇರವಾಗಿ ಹಾಕಿ. ಫ್ಯಾನ್ ಬಿಗಿಯೋವಾಗಲೇ ಅದರ ವೈರ್ ಹೊರಡೋ ಮೂಲೆ ಹಿಂದಿನ ತಟ್ಟೆ ಕಡೆಗೆ ಇರೋ ಹಾಗೆ ತಿರುಗಿಸ್ಕೊಳ್ಳಿ.

## ಸ್ವಲ್ಪ ಕೈ ಪಳಗಿದವರಿಗೆ

ಹಳೇ ಎಸ್‌ಎಂಪಿಎಸ್ ಕೇಬಲ್ ಚೆನ್ನಾಗಿದೆ, ಹೊಸದಕ್ಕೆ ಅದೇ ಹಾಕ್ಬಹುದಾ? ಕನೆಕ್ಟರ್ ಕೂರತ್ತೆ.

ಬೇಡ. ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದ್ತೀರ ಅಂದ್ರೆ ಇದನ್ನ ಓದಿ. ಬೋರ್ಡಿನ ಕಡೆ ತುದಿಗೆ, ಡ್ರೈವ್ ಕಡೆ ತುದಿಗೆ ಸ್ಟ್ಯಾಂಡರ್ಡ್ ಇದೆ, ಎಲ್ಲಾ ಕಂಪನಿದೂ ಒಂದೇ. ಆದ್ರೆ ಎಸ್‌ಎಂಪಿಎಸ್ ಕಡೆ ತುದೀಲಿ ಯಾವ ಪಿನ್ನಲ್ಲಿ ಯಾವ ವೋಲ್ಟೇಜ್ ಅನ್ನೋದಕ್ಕೆ ಎಲ್ಲರೂ ಒಪ್ಪಿದ ನಿಯಮ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ಮಧ್ಯೆನೇ ಬೇರೆ ಇರ್ಬಹುದು. ಕನೆಕ್ಟರ್ ಸಲೀಸಾಗಿ ಕೂರತ್ತೆ, ಡ್ರೈವಿಗೆ 5 ವೋಲ್ಟ್ ಹೋಗ್ಬೇಕಾದ ಕಡೆ 12 ವೋಲ್ಟ್ ಹೋಗತ್ತೆ, ಆನ್ ಮಾಡಿದ ಕ್ಷಣದಲ್ಲೇ ಡ್ರೈವ್ ಸತ್ತಿರತ್ತೆ, ಅದರಲ್ಲಿದ್ದ ವರ್ಷಗಳ ಫೋಟೋ ಎಲ್ಲಾ ಹೋಗಿರತ್ತೆ. ಎಸ್‌ಎಂಪಿಎಸ್ ಬದಲಾಯಿಸಿದ್ರೆ ಕೇಬಲ್ಲೂ ಪೂರ್ತಿ ಬದಲಾಯಿಸಿ, ಹಿಂದೆ ನೀಟಾಗಿ ಕಟ್ಟಿರೋದು ಬಿಚ್ಚಕ್ಕೆ ಎಷ್ಟೇ ಬೇಜಾರಾದ್ರೂ. ಚೀಲದ ಮೇಲೆ ಮಾಡೆಲ್ ಹೆಸರು ಬರೆದಿಡಿ ಅಂದಿದ್ದು ಇದಕ್ಕೇ.

ಹೊಸ ಗ್ರಾಫಿಕ್ಸ್ ಕಾರ್ಡಿನ 16 ಪಿನ್ ಕೇಬಲ್ ಬಗ್ಗಿಸಿದ್ರೆ ಸುಟ್ಟೋಗತ್ತೆ ಅಂತಾರೆ, ನಿಜಾನಾ?

ಬಗ್ಗಿಸೋದಕ್ಕಿಂತ ದೊಡ್ಡ ತಪ್ಪು ಪೂರ್ತಿ ಕೂರಿಸ್ದೇ ಇರೋದು. ಅಷ್ಟು ಚಿಕ್ಕ ಕನೆಕ್ಟರಲ್ಲಿ 600 ವ್ಯಾಟ್ ತನಕ ಹೋಗತ್ತೆ, ಹಳೇ 8 ಪಿನ್ನಲ್ಲಿ 150 ಅಷ್ಟೇ. ಒಂದೆರಡು ಮಿಲಿಮೀಟರ್ ಹೊರಗೆ ಉಳಿದ್ರೂ ಪಿನ್ ಸರಿಯಾಗಿ ಮುಟ್ಟಲ್ಲ, ಆ ಜಾಗ ಕಾಯತ್ತೆ, ಪ್ಲಾಸ್ಟಿಕ್ ಕರಗತ್ತೆ. 2022ರಲ್ಲಿ ಈ ಥರದ ಕಾರ್ಡ್ ಬಂದಾಗ ಕರಗಿದ ಕನೆಕ್ಟರ್ ಫೋಟೋಗಳು ಎಲ್ಲಾ ಕಡೆ ಹರಿದಾಡಿದ್ವು. ಆಮೇಲೆ 12ವಿ-2x6 ಅಂತ ತಿದ್ದಿದ ಕನೆಕ್ಟರಲ್ಲಿ ಕೇಬಲ್ ಕೂತಿದ್ಯಾ ಅಂತ ಕಾರ್ಡಿಗೆ ತಿಳಿಸೋ ಸೆನ್ಸ್ ಪಿನ್ ಗಿಡ್ಡ ಮಾಡಿದ್ರು, ಪೂರ್ತಿ ಕೂರ್ದಿದ್ರೆ ಪವರೇ ಬರ್ಬಾರ್ದು ಅನ್ನೋ ಲೆಕ್ಕ.

ಕಾರ್ಡ್ ಕ್ಯಾಬಿನೆಟ್ಟಿಗೆ ಹಾಕೋ ಮುಂಚೆ ಕೈಯಲ್ಲೇ ಹಿಡ್ಕೊಂಡು ಒಂದು ಸಲ ಕೇಬಲ್ ಹಾಕಿ ನೋಡಿ, ಪೂರ್ತಿ ಕೂತಾಗ ಹೇಗೆ ಕಾಣತ್ತೆ ಅಂತ ಕಣ್ಣಿಗೆ ಗೊತ್ತಾಗತ್ತೆ. ಕನೆಕ್ಟರಿಂದ 35 ಮಿಲಿಮೀಟರ್ ತನಕ ನೇರ ಇರ್ಲಿ, ಆಮೇಲೆ ಬೇಕಾದ್ರೆ ಬಗ್ಗಿಸಿ. ಗಾಜಿನ ಬಾಗಿಲು ಒತ್ತಿದ್ರೆ ಮಾತ್ರ ಮುಚ್ಚತ್ತೆ ಅನ್ನೋ ಸ್ಥಿತಿ ಇದ್ರೆ ಆ ಕ್ಯಾಬಿನೆಟ್ ಆ ಕಾರ್ಡಿಗೆ ಸಾಲದು.

ಒಂದೇ ಕೇಬಲ್ಲಲ್ಲಿ ಎರಡು 8 ಪಿನ್ ತಲೆ ಇದೆ. ಎರಡೂ ಒಂದೇ ಕಾರ್ಡಿಗೆ ಹಾಕಿದ್ರೆ ವೈರ್ ಕಮ್ಮಿ ಆಗತ್ತಲ್ಲ?

ಕಮ್ಮಿ ಆಗತ್ತೆ, ಆದ್ರೆ ಎರಡು ತಲೆಯ ಕರೆಂಟೂ ಒಂದೇ ಕೇಬಲ್ಲಿನ ತಂತಿಗಳ ಮೇಲೆ ಬೀಳತ್ತೆ. ಕಡಿಮೆ ಪವರಿನ ಕಾರ್ಡಿಗೆ ಪರವಾಗಿಲ್ಲ, ಎಸ್‌ಎಂಪಿಎಸ್ ಪುಸ್ತಕದಲ್ಲಿ ಏನಿದೆ ನೋಡಿ. ದೊಡ್ಡ ಕಾರ್ಡಿಗೆ ಒಂದೊಂದು ಸಾಕೆಟ್ಟಿಗೆ ಬೇರೆ ಬೇರೆ ಕೇಬಲ್ ಎಳೀರಿ. ಚೆಂದಕ್ಕೋಸ್ಕರ ಇಲ್ಲಿ ರಾಜಿ ಬೇಡ.

ಇದೇ ಜಾತಿಯ ಇನ್ನೊಂದು ವಿಷಯ, ಮೋಲೆಕ್ಸಿಂದ ಸಾಟಾ ಮಾಡೋ ಅಗ್ಗದ ಅಡಾಪ್ಟರ್. ವೈರ್ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಥರದ್ದು ಬಳಸ್ಬೇಡಿ, ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ್ದುಂಟು.

ಬಣ್ಣದ ಹೆಣಿಗೆ ಕೇಬಲ್ ಹಾಕ್ಸಿದ್ರೆ ಏನಾದ್ರೂ ಲಾಭ ಇದ್ಯಾ?

ಕಣ್ಣಿಗೆ ಮಾತ್ರ. ಎಕ್ಸ್‌ಟೆನ್ಷನ್ ಥರದ್ದು ಆದ್ರೆ ಎಸ್‌ಎಂಪಿಎಸ್ಸಿನ ಸ್ವಂತ ಕೇಬಲ್ ತುದಿಗೆ ಸೇರೋದ್ರಿಂದ ಅದಲುಬದಲಿನ ಅಪಾಯ ಇಲ್ಲ, ಆದ್ರೆ ಹಿಂದೆ ಇನ್ನೊಂದು ಜೋಡಣೆಯ ಗಂಟು, ಇನ್ನಷ್ಟು ಉದ್ದ, ಜಾಗ ಬೇಕು. 24 ಪಿನ್ನಿನ ಗಂಟನ್ನ ತಟ್ಟೆ ಹಿಂದಿನ ಅತಿ ಆಳದ ಜಾಗದಲ್ಲಿ ಮಲಗಿಸಿ. ಪೂರ್ತಿ ಕೇಬಲ್ಲೇ ಬದಲಾಯಿಸೋದಾದ್ರೆ ನಿಮ್ಮ ಮಾಡೆಲ್ಲಿಗೇ ಮಾಡಿದ್ದು ಅಂತ ಖಾತ್ರಿ ಇರ್ಬೇಕು. ತಂತಿಗಳನ್ನ ಸಾಲಾಗಿ ಹಿಡಿಯೋ ಬಾಚಣಿಗೆ ಥರದ ಕ್ಲಿಪ್ ಬರತ್ತಲ್ಲ, ನಂಗೆ ಅದು ತುಂಬಾ ಇಷ್ಟ, ಸಾಧಾರಣ ಕಪ್ಪು ಕೇಬಲ್ಲಿಗೂ ನಾಲ್ಕು ಹಾಕಿದ್ರೆ ಕಳೆನೇ ಬೇರೆ.

ಲೈಟಿನ ವೈರ್ 3 ಪಿನ್, ಬೋರ್ಡಲ್ಲಿ 4 ಪಿನ್ ಖಾಲಿ ಇದೆ, ಹಾಕ್ಬಹುದಾ?

ಹಾಕ್ಬೇಡಿ. 4 ಪಿನ್ ಆರ್‌ಜಿಬಿ 12 ವೋಲ್ಟ್, 3 ಪಿನ್ ಎಆರ್‌ಜಿಬಿ 5 ವೋಲ್ಟ್. ತಪ್ಪಿ ಹಾಕಿದ್ರೆ ಲೈಟ್ ಪಟ್ಟಿ ಸುಟ್ಟೋಗತ್ತೆ. ಲೈಟ್ ಇರೋ ಪ್ರತಿ ಫ್ಯಾನಿಂದ ಎರಡೆರಡು ವೈರ್ ಬರತ್ತೆ ಅನ್ನೋದನ್ನ ಕೊಳ್ಳೋ ಮುಂಚೆನೇ ಲೆಕ್ಕ ಹಾಕಿ. ಒಂದರಿಂದ ಒಂದಕ್ಕೆ ಕೊಂಡಿ ಹಾಕೋ ಫ್ಯಾನ್ ಸಿಗತ್ತೆ, ವೈರ್ ಕಮ್ಮಿ ಆಗ್ಬೇಕು ಅಂದ್ರೆ ಅದೇ ಸರಿ.

ಹೆಡ್‌ಫೋನ್ ಮುಂದೆ ಹಾಕಿದ್ರೆ ಗುಂಯ್ ಅಂತ ಸದ್ದು, ಹಿಂದೆ ಹಾಕಿದ್ರೆ ಇಲ್ಲ. ಕೇಬಲ್ಲಿಂದಾನಾ?

ಬಹುಮಟ್ಟಿಗೆ ಹೌದು. ಮುಂದಿನ ಆಡಿಯೋ ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಪವರ್ ಕೇಬಲ್ ಜೊತೆ ಒಂದೇ ಕಟ್ಟಲ್ಲಿ ಸೇರಿದ್ರೆ, ಅಥವಾ ಕಾರ್ಡ್ ಕೆಳಗೇ ಹಾದಿದ್ರೆ ಅದರ ಗದ್ದಲ ಎಲ್ಲಾ ಎಳ್ಕೊಳ್ಳತ್ತೆ. ಕಟ್ಟಿಂದ ಬಿಡಿಸಿ, ತಟ್ಟೆ ಹಿಂದಿನಿಂದ ಬೇರೆ ದಾರೀಲಿ ತನ್ನಿ, ಪವರ್ ಕೇಬಲ್ ದಾಟ್ಲೇಬೇಕು ಅಂದ್ರೆ ಪಕ್ಕಪಕ್ಕ ಓಡಿಸ್ದೇ ಅಡ್ಡ ದಾಟಿಸಿ.

ತುಂಬಾ ಚಿಕ್ಕ ಕ್ಯಾಬಿನೆಟ್, ಮಿನಿ ಐಟಿಎಕ್ಸ್. ಎಲ್ಲಿ ಅಂತ ಬಚ್ಚಿಡೋದು?

ಬಚ್ಚಿಡೋದು ಬಿಟ್ಟು ಉದ್ದನೇ ಕಮ್ಮಿ ಮಾಡ್ಬೇಕು. ಎಸ್‌ಎಫ್‌ಎಕ್ಸ್ ಅನ್ನೋ ಚಿಕ್ಕ ಗಾತ್ರದ ಎಸ್‌ಎಂಪಿಎಸ್ ಜೊತೆ ಗಿಡ್ಡ ಕೇಬಲ್ ಬರತ್ತೆ, ಅದು ತಗೊಳ್ಳಿ. ಸಾಟಾ ಡ್ರೈವ್ ಬಿಟ್ಟು ಎಂ.2 ಹಾಕಿದ್ರೆ ಒಂದೇ ಏಟಿಗೆ ಎರಡು ಕೇಬಲ್ ಉಳಿಯತ್ತೆ. ಇಲ್ಲಿ ಮಾತ್ರ ಗಾಳಿಗೆ ಅಡ್ಡ ಅನ್ನೋ ಮಾತು ನಿಜವಾಗ್ಲೂ ಲೆಕ್ಕಕ್ಕೆ ಬರತ್ತೆ.

ಕನೆಕ್ಟರ್ ಎಲ್ಲಾ ಹಿಂದೆ ಇರೋ ಮದರ್‌ಬೋರ್ಡ್ ಬಂದಿದ್ಯಂತೆ?

ಬಂದಿದೆ. ಎಂಎಸ್‌ಐ ಪ್ರಾಜೆಕ್ಟ್ ಝೀರೋ, ಏಸಸ್ ಬಿಟಿಎಫ್ ಅಂತ ಹೆಸರು, ಮುಂದೆ ನೋಡಿದ್ರೆ ವೈರೇ ಕಾಣಲ್ಲ. ಆದ್ರೆ ಕ್ಯಾಬಿನೆಟ್ ತಟ್ಟೇಲಿ ಸರಿಯಾಗಿ ಅದೇ ಜಾಗಕ್ಕೆ ತೂತು ಇರ್ಬೇಕು, ಇರೋ ಕ್ಯಾಬಿನೆಟ್ಟಿಗೆ ಕೂರಿಸ್ತೀನಿ ಅಂದ್ರೆ ಆಗಲ್ಲ. ಗೋಜಲು ಮಾಯ ಆಗಲ್ಲ, ಪೂರ್ತಿ ಹಿಂದಕ್ಕೆ ಹೋಗತ್ತೆ, ಹಾಗಾಗಿ ಹಿಂದಿನ ದಾರಿ ಯೋಚಿಸೋ ಕೆಲಸ ಇನ್ನೂ ಜಾಸ್ತಿ.

ಎಲ್ಲಾ ನೀಟಾಗಿ ಕಟ್ಟಿದೆ, ಈಗ ಆನೇ ಆಗ್ತಿಲ್ಲ!

ಗಾಬರಿ ಬೇಡ, ಬಹುತೇಕ ಒಂದು ಕನೆಕ್ಟರ್ ಸಡಿಲ ಆಗಿದೆ ಅಷ್ಟೇ. ಮೊದಲು ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ಅದು ಸರಿ ಇದ್ರೆ ಗೋಡೆ ಪ್ಲಗ್ ಕಿತ್ತು ಆಮೇಲೆ ಕೈ ಹಾಕಿ. ಪವರ್ ಬಟನ್ನಿನ ಪುಟ್ಟ ವೈರ್ ಕಳಚಿದ್ಯಾ, 24 ಪಿನ್ನಿನ ಕೊಕ್ಕೆ ಟಕ್ ಅಂತ ಕೂತಿದ್ಯಾ, ಪ್ರೊಸೆಸರ್ 8 ಪಿನ್ ಎಳೆತಕ್ಕೆ ಓರೆ ಆಗಿದ್ಯಾ, ಮಾಡ್ಯುಲರ್ ಆಗಿದ್ರೆ ಎಸ್‌ಎಂಪಿಎಸ್ ಕಡೆ ತುದಿ ಸಡಿಲ ಆಗಿದ್ಯಾ, ಈ ಕೊನೇದನ್ನ ಎಲ್ಲರೂ ಮರೀತಾರೆ. ಫ್ಯಾನ್ ತಿರುಗಿ ಪರದೆ ಕಪ್ಪಾಗೇ ಇದ್ರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ, ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹಾಕಿದ್ಯಾ ನೋಡಿ.

ಸಡಿಲ ಆಗಿದ್ದು ಸಿಕ್ಕಿದ ಮೇಲೆ ಅದನ್ನ ಬರೀ ಒತ್ತಿ ಬಿಡ್ಬೇಡಿ. ಆ ಕೇಬಲ್ ಹಿಡಿದಿರೋ ಟೈ ಯಾವುದು ನೋಡಿ, ಅದನ್ನ ಬಿಚ್ಚಿ ಎರಡು ಬೆರಳಿನಷ್ಟು ಕೇಬಲ್ ಸಡಿಲ ಕೊಟ್ಟು ಮತ್ತೆ ಕಟ್ಟಿ.